ಹಳೇ ಇಟಾಲಿಯನ್ ರೆಸ್ಟೋರೆಂಟಿಗೆ ಊಟಕ್ಕೆ ಹೋಗೋದು ಹೇಗೆ? ಬುಕಿಂಗಿಂದ ಬಿಲ್ಲಿನ ತನಕ

ಬಿಳಿ ಮೇಜುಬಟ್ಟೆ, ಗರಿಗರಿ ಕೋಟು ಹಾಕಿರೋ ವೇಟರ್, ಮುಂದೆ ಮೂರು ಸೈಜಿನ ಗ್ಲಾಸು, ಮೆನು ತೆಗೆದ್ರೆ ಅರ್ಧಕ್ಕರ್ಧ ಇಟಾಲಿಯನ್ ಹೆಸರು. ಇಂಥ ಕಡೆ ಮೊದಲನೇ ಸಲ ಹೋದೋರು ಒಂದೋ ಹೆದರ್ಕೊಂಡು ಗೊತ್ತಿರೋ ಒಂದೇ ಐಟಂ ಹೇಳಿ ಸುಮ್ಮನಾಗ್ತಾರೆ, ಇಲ್ಲಾಂದ್ರೆ ಸಿಕ್ಕಿದ್ದೆಲ್ಲಾ ತರಿಸಿ ಅರ್ಧಕ್ಕೇ ಹೊಟ್ಟೆ ತುಂಬಿ ಒದ್ದಾಡ್ತಾರೆ. ಐವತ್ತು, ನೂರು ವರ್ಷದಿಂದ ನಡೀತಿರೋ ಹೋಟೆಲಿಗೆ ತನ್ನದೇ ಒಂದು ಕ್ರಮ ಇರತ್ತೆ, ಅಲ್ಲಿನ ಹಳೇ ವೇಟರ್‌ಗಳಿಗೆ ಅದು ಬಾಯಿಪಾಠ, ಅವರನ್ನ ಕೇಳೋಕೆ ನಾಚ್ಕೋಬೇಡಿ, ಅರ್ಧ ಕೆಲಸ ಅಲ್ಲೇ ಮುಗೀತು.

1. ಬುಕ್ ಮಾಡುವಾಗ

ಆ್ಯಪ್‌ಗಿಂತ ಫೋನ್ ಮಾಡೋದು ಒಳ್ಳೇದು, ಯಾಕಂದ್ರೆ ಎಷ್ಟು ಜನ ಅನ್ನೋದಷ್ಟೇ ಅಲ್ಲ, ಯಾರು ವೆಜ್, ಯಾರಿಗೆ ಯಾವ ಅಲರ್ಜಿ, ಅಜ್ಜಿನೋ ಮಗುನೋ ಬರ್ತಿದ್ರೆ ಅದೂ ಹೇಳ್ಬೇಕು. ಇಟಲಿಯಲ್ಲೇ ಹೋಗೋದಾದ್ರೆ ಟೈಮಿನ ಬಗ್ಗೆ ಹುಷಾರು. ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ ಹೊತ್ತಿಗೆಲ್ಲ ಮುಗೀತದೆ, ಆಮೇಲೆ ಅಡುಗೆಮನೆ ಬಂದ್, ರಾತ್ರಿ ಏಳೂವರೆ ಮೇಲೇ ಮತ್ತೆ ಶುರು. ವಾರಕ್ಕೊಂದು ದಿನ ರಜಾ, ಆಗಸ್ಟಲ್ಲಂತೂ ಎಷ್ಟೋ ಹೋಟೆಲು ವಾರಗಟ್ಟಲೆ ಬಾಗಿಲು ಹಾಕಿರ್ತಾರೆ.

ಡ್ರೆಸ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಶಾರ್ಟ್ಸು ಚಪ್ಪಲಿ ಬೇಡ, ಅಷ್ಟೆ.

2. ಮೆನು ಓದೋದು

ಮೆನು ಐದು ಭಾಗ ಇರತ್ತೆ. ಆಂಟಿಪಾಸ್ತಿ ಅಂದ್ರೆ ಸ್ಟಾರ್ಟರು, ಪ್ರೀಮಿಯಲ್ಲಿ ಪಾಸ್ತಾ, ರಿಸೊಟ್ಟೊ (ಸಾರಲ್ಲಿ ಬೇಯಿಸಿದ ಅನ್ನ), ಸೂಪು, ಸೆಕೊಂದಿಯಲ್ಲಿ ಮೀನು ಮಾಂಸ, ಕೊಂತೊರ್ನಿಯಲ್ಲಿ ತರಕಾರಿ, ದೋಲ್ಚಿಯಲ್ಲಿ ಸಿಹಿ. ಐದೂ ತಗೋಬೇಕು ಅಂತ ಯಾರೂ ಹೇಳಿಲ್ಲ, ಇಟಲಿಯವರೇ ದಿನಾ ಹಾಗೆ ತಿನ್ನಲ್ಲ. ಇಬ್ಬರು ಹೋದ್ರೆ ಒಂದು ಆಂಟಿಪಾಸ್ತೊ ಹಂಚ್ಕೊಂಡು ಒಬ್ಬೊಬ್ಬರಿಗೆ ಒಂದು ಪ್ರೀಮೊ, ಜಾಗ ಉಳಿದ್ರೆ ಒಂದು ಸೆಕೊಂದೊ, ಸಾಕಷ್ಟಾಯ್ತು. ಸೆಕೊಂದೊ ಜೊತೆ ಪ್ಲೇಟಲ್ಲಿ ತರಕಾರಿ ಬರತ್ತೆ ಅಂದ್ಕೊಂಡ್ರೆ ಮೋಸ ಹೋಗ್ತೀರ, ಮಾಂಸದ ತುಂಡು ಒಂದೇ ಬರೋದು, ಪಾಲಕ್ಕೋ ಆಲೂಗಡ್ಡೆನೋ ಬೇಕಿದ್ರೆ ಕೊಂತೊರ್ನಿಯಿಂದ ಬೇರೆ ಹೇಳ್ಬೇಕು. ನನ್ನ ಕೇಳಿದ್ರೆ ದುಡ್ಡು, ಹೊಟ್ಟೆ ಎರಡನ್ನೂ ಪ್ರೀಮಿಗೇ ಉಳಿಸ್ಕೊಳ್ಳಿ, ಅಡುಗೆಮನೆಯ ಕೈ ಗೊತ್ತಾಗೋದು ಅಲ್ಲೇ.

3. ಏನು ತರಿಸೋದು

ವೇಟರ್‌ನ "ಏನು ಚೆನ್ನಾಗಿದೆ" ಅಂತ ಕೇಳಬೇಡಿ, ಎಲ್ಲಾ ಚೆನ್ನಾಗಿದೆ ಅಂತಾನೇ ಹೇಳೋದು. "ಶುರುವಿಂದ ಮೆನುವಿನಲ್ಲಿರೋದು ಯಾವುದು" ಅಂತ ಕೇಳಿ. ವೆನಿಸ್‌ನ ಹ್ಯಾರೀಸ್ ಬಾರ್ 1931ರಲ್ಲಿ ಜುಸೆಪ್ಪೆ ಚಿಪ್ರಿಯಾನಿ ಶುರು ಮಾಡಿದ್ದು, ಪೀಚ್ ಹಣ್ಣಿನ ತಿರುಳಿಗೆ ಪ್ರೊಸೆಕ್ಕೊ ಅನ್ನೋ ನೊರೆ ವೈನ್ ಬೆರೆಸೋ ಬೆಲ್ಲಿನಿ, ಹಸಿ ದನದ ಮಾಂಸನ ಕಾಗದದಷ್ಟು ತೆಳ್ಳಗೆ ಹೆಚ್ಚೋ ಕಾರ್ಪಾಚ್ಚೊ ಎರಡೂ ಅಲ್ಲಿಂದ್ಲೇ ಬಂದಿದ್ದು. ಬೇರೆ ಕಡೆ ಕಾರ್ಪಾಚ್ಚೊ ಮೇಲೆ ಸೊಪ್ಪು, ಚೀಸು ಎಲ್ಲಾ ಸುರೀತಾರೆ, ಅಲ್ಲಿ ಮಾತ್ರ ಮೇಯೊನೇಸಿನ ಬಿಳಿ ಸಾಸ್ ಗೆರೆ ಎಳೆದ ಹಾಗೆ ಹಾಕಿರ್ತಾರೆ ಅಷ್ಟೆ. ಟುರಿನ್‌ನ ದೆಲ್ ಕಾಂಬಿಯೊ 1757ರದ್ದು, ಇಟಲಿಯ ಮೊದಲ ಪ್ರಧಾನಿ ಕಾವೂರ್ ಅಲ್ಲಿನ ಖಾಯಂ ಗಿರಾಕಿ. ಇಷ್ಟು ವಯಸ್ಸಾದ ಕಡೆ ಹೋಗಿ ಹೊಸ ಟ್ರೆಂಡಿನ ಐಟಂ ತರಿಸೋದು ನಂಗಂತೂ ಅರ್ಥ ಆಗಲ್ಲ.

ರಿಸೊಟ್ಟೊ ಹೇಳಿದ್ರೆ ಕಾಯೋಕೆ ರೆಡಿಯಾಗಿರಿ. ಕಾರ್ನರೋಲಿ ಅಥವಾ ಅರ್ಬೊರಿಯೊ ಅಕ್ಕಿ ಬೇಯೋಕೆ ಸುಮಾರು 18 ನಿಮಿಷ ಬೇಕು, ಅದಕ್ಕೇ ಎಷ್ಟೋ ಮೆನುವಿನಲ್ಲಿ "ಕನಿಷ್ಠ ಇಬ್ಬರಿಗೆ" ಅಂತ ಹಾಕಿರ್ತಾರೆ. ಕೊನೆಗೆ ಒಲೆಯಿಂದ ಇಳಿಸಿ ತಣ್ಣನೆ ಬೆಣ್ಣೆ, ಪಾರ್ಮಿಜಾನೊ ಚೀಸ್ ಹಾಕಿ ಜೋರಾಗಿ ಕಲಸ್ತಾರೆ, ಪ್ಲೇಟಿಗೆ ಹಾಕಿ ತಳಕ್ಕೆ ಕೈಯಿಂದ ಎರಡೇಟು ತಟ್ಟಿದ್ರೆ ಅದು ತಾನೇ ಹರಡ್ಕೊಂಡು ಅಂಚಿನ ತನಕ ಬರ್ಬೇಕು. ಗುಡ್ಡೆ ಥರ ಕೂತಿದ್ರೆ ತುಂಬಾ ಹೊತ್ತು ಇಟ್ಟು ಗಟ್ಟಿಯಾಗಿದೆ ಅಂತ ಲೆಕ್ಕ. ಬಿಸಿ ಇರೋದ್ರಿಂದ ಅಂಚಿಂದ ಶುರು ಮಾಡಿ ಮಧ್ಯಕ್ಕೆ ಬನ್ನಿ.

ಇನ್ನು ತೂಕದ ಲೆಕ್ಕದ ಐಟಂಗಳು. ಬಿಸ್ತೆಕ್ಕಾ ಅಲ್ಲಾ ಫಿಯೊರೆಂತೀನಾ ಒಂದು ಕಿಲೋ ಮೇಲಿರೋ ಮೂಳೆ ಸಮೇತದ ದನದ ಮಾಂಸದ ತುಂಡು, ಮೆನುವಿನಲ್ಲಿರೋ ರೇಟು ಇಡೀ ತುಂಡಿಗಲ್ಲ, ತೂಕಕ್ಕೆ, ಎಷ್ಟೋ ಕಡೆ 100 ಗ್ರಾಂಗೆ, ನೋಡದೇ ಹೇಳಿದ್ರೆ ಬಿಲ್ಲಲ್ಲಿ ಎದೆ ಝಲ್ ಅನ್ನತ್ತೆ. ಅದನ್ನ ಒಳಗೆ ಕೆಂಪಗೇ ಕೊಡ್ತಾರೆ, ಪೂರ್ತಿ ಬೇಯಿಸಿ ಅಂದ್ರೆ ಮುಖ ಸಿಂಡರಿಸ್ತಾರೆ, ಬೆಂದಿದ್ದೇ ಇಷ್ಟ ಅಂದ್ರೆ ಬೇರೆ ಏನಾದ್ರೂ ತಗೊಳ್ಳಿ. ಇಡೀ ಮೀನಿಗೂ ಇದೇ ಲೆಕ್ಕ. ಅಕ್ಟೋಬರಿಂದ ಡಿಸೆಂಬರ್ ಒಳಗೆ ಹೋದ್ರೆ ಆಲ್ಬಾ ಊರಿನ ಬಿಳಿ ಟ್ರಫಲ್ (ನೆಲದೊಳಗೆ ಬೆಳೆಯೋ ಅಣಬೆ) ಟೇಬಲ್ ಹತ್ರಾನೇ ತರ್ತಾರೆ, ಪುಟ್ಟ ತಕ್ಕಡೀಲಿ ತೂಗಿ, ನಿಮ್ಮ ಪಾಸ್ತಾ ಮೇಲೆ ತೆಳುವಾಗಿ ತುರಿದು, ಮತ್ತೆ ತೂಗಿ, ಕಮ್ಮಿಯಾದ ಗ್ರಾಂಗೆ ಬಿಲ್ ಹಾಕ್ತಾರೆ. ನೀವು ಸಾಕು ಅನ್ನೋ ತನಕ ಕೈ ನಿಲ್ಲಿಸಲ್ಲ, ಘಮಕ್ಕೆ ಮೈಮರೆತು ಕೂರಬೇಡಿ, "ಇಷ್ಟೇ ಗ್ರಾಂ" ಅಂತ ಮೊದಲೇ ಹೇಳಿಬಿಡಿ.

4. ವೆಜ್ ಆಗಿದ್ರೆ

ಇಲ್ಲಿ ಸ್ವಲ್ಪ ಜಾಸ್ತಿ ಕೇಳ್ಬೇಕಾಗತ್ತೆ. ಮಾಂಸದ ಚೂರು ಕಾಣ್ಸಿಲ್ಲ ಅಂದ್ರೆ ವೆಜ್ ಅಂತಲ್ಲ. ಪಾರ್ಮಿಜಾನೊ ರೆಜ್ಜಾನೊ ಮಾಡೋಕೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿಂದ, ಪೆಕೊರಿನೊ ರೊಮಾನೊ ಚೀಸಿಗೆ ಕುರಿಮರೀದು. ರಿಸೊಟ್ಟೊಗೆ ಹಾಕೋದು ಸಾಮಾನ್ಯವಾಗಿ ಮಾಂಸದ ಸಾರು, ಕೇಸರಿ ಬಣ್ಣದ ಮಿಲಾನೀಸ್ ರಿಸೊಟ್ಟೊದಲ್ಲಿ ಹಳೇ ಪದ್ಧತಿ ಪ್ರಕಾರ ಮೂಳೆ ಒಳಗಿನ ಮಜ್ಜೆನೂ ಇರತ್ತೆ. ಪುತ್ತನೆಸ್ಕಾ ಸಾಸಲ್ಲಿ ಆಂಚೊವಿ ಮೀನು, ಪನ್ನಾ ಕೋಟ್ಟಾ ಅನ್ನೋ ಕೆನೆಯ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜಿಲೆಟಿನ್, ತಿರಮಿಸುನಲ್ಲಿ ಹಸಿ ಮೊಟ್ಟೆ. ಹಾಗಂತ ಉಪವಾಸ ಬೀಳಬೇಕಿಲ್ಲ, ಟೊಮೆಟೊ ಪಾಸ್ತಾ, ಬೆಳ್ಳುಳ್ಳಿ ಎಣ್ಣೆಯ ಸ್ಪಗೆಟ್ಟಿ, ಸಿಸಿಲಿಯ ಬದನೇಕಾಯಿ ಕಪೊನಾತಾ, ಇವುಗಳನ್ನ ಚೀಸ್ ಹಾಕದೆ ಕೊಡಿ ಅಂದ್ರೆ ಖುಷಿಯಿಂದ ಕೊಡ್ತಾರೆ. ಬುಕ್ ಮಾಡುವಾಗ ಹೇಳಿದ್ರೂ ಕೂತ ಮೇಲೆ ಇನ್ನೊಂದ್ಸಲ ಹೇಳಿ.

5. ವೈನು, ನೀರು

ವೈನ್ ಗೊತ್ತಿಲ್ಲ ಅಂದ್ರೆ ನಟನೆ ಬೇಡ. ಲಿಸ್ಟಲ್ಲಿ ನಿಮಗೆ ಆಗೋ ರೇಟಿನ ಮೇಲೆ ಬೆರಳಿಟ್ಟು "ಇಂಥದ್ದು ಯಾವ್ದಾದ್ರೂ ಹೇಳಿ" ಅಂದ್ರೆ ಸೊಮೆಲಿಯೆಗೆ (ವೈನ್ ನೋಡ್ಕೊಳ್ಳೋ ವೇಟರ್‌ಗೆ) ಬಜೆಟ್ ಅರ್ಥ ಆಗತ್ತೆ, ಜೊತೇಲಿರೋರಿಗೆ ಕೇಳಿಸಲ್ಲ. ಬರೋಲೊ ಕನಿಷ್ಠ 38 ತಿಂಗಳು ಮಾಗಿಸಿದ ಒಗರು ವೈನು, ಮಾಂಸಕ್ಕೆ ಸರಿ, ಮೀನಿಗೆ ಬೇಡ. ಬಾಟ್ಲಿ ತೆಗೆದು ನಿಮ್ಮ ಗ್ಲಾಸಿಗೆ ಒಂದು ಗುಟುಕು ಹಾಕೋದು ವೈನ್ ಕೆಟ್ಟಿದೆಯಾ ಅಂತ ನೋಡೋಕೆ, ಒದ್ದೆ ರಟ್ಟಿನ ವಾಸನೆ ಬಂದ್ರೆ ವಾಪಸ್ ಕೊಡಿ, ರುಚಿ ಹಿಡಿಸ್ಲಿಲ್ಲ ಅಂತ ವಾಪಸ್ ಮಾಡೋ ಹಾಗಿಲ್ಲ. ಕುಡಿಯೋರಲ್ಲ ಅಂದ್ರೆ ನೀರು ಸಾಕು, ಗ್ಯಾಸ್ ಇರೋದಾ ಇಲ್ಲದ್ದಾ ಅಂತ ಕೇಳ್ತಾರೆ, ಅದಕ್ಕೂ ದುಡ್ಡಿದೆ.

6. ತಿನ್ನೋ ರೀತಿ

ಸ್ಪಗೆಟ್ಟಿನ ಚಾಕುವಲ್ಲಿ ಕತ್ತರಿಸೋದು ಬೇಡ, ನಾಲ್ಕೈದು ಎಳೆ ಫೋರ್ಕಿಗೆ ಸಿಕ್ಕಿಸಿ ಪ್ಲೇಟಿನ ಅಂಚಿಗೆ ಒತ್ತಿ ಸುತ್ತಿ, ಜಾಸ್ತಿ ಸಿಕ್ಕಿಸಿದ್ರೆ ಉಂಡೆ ದಪ್ಪ ಆಗಿ ಬಾಯಿಗೆ ಹೋಗಲ್ಲ. ಮೀನು ಸಿಗಡಿ ಪಾಸ್ತಾಗೆ ಚೀಸ್ ಕೇಳಬೇಡಿ. ಬ್ರೆಡ್ಡಿಂದ ಉಳಿದ ಸಾಸ್ ಒರೆಸಿ ತಿನ್ನೋದು ದೊಡ್ಡ ಹೋಟೆಲಲ್ಲಿ ಸ್ವಲ್ಪ ಮುಜುಗರದ ವಿಷಯ ಅಂತಾರೆ, ಸಾಸ್ ಚೆನ್ನಾಗಿದ್ರೆ ನಾನಂತೂ ಒರೆಸೋಳೇ. ಆದ್ರೆ ಊಟಕ್ಕೆ ಮೊದಲೇ ಬ್ರೆಡ್ ಬುಟ್ಟಿ ಖಾಲಿ ಮಾಡ್ಬೇಡಿ. ತಿಂದಾಯ್ತು ಅಂದ್ರೆ ಚಾಕು ಫೋರ್ಕು ಒಟ್ಟಿಗೆ ಪ್ಲೇಟ್ ಮೇಲಿಡಿ, ಎಲ್ಲರದ್ದೂ ಆದ ಮೇಲೇ ಮುಂದಿನದು ತರೋದು, ಮಧ್ಯೆ ಹೊತ್ತಾದ್ರೆ ಮರೆತರು ಅಂತ ಕೂಗಾಡಬೇಡಿ.

7. ಕಾಫಿ, ಬಿಲ್ಲು

ಸಿಹಿ ಮುಗಿದ ಮೇಲೆ ಎಸ್ಪ್ರೆಸೊ. ಕ್ಯಾಪುಚಿನೊ ಇಟಲಿಯವರಿಗೆ ಬೆಳಗಿನದ್ದು, ಊಟ ಆದ ಮೇಲೆ ಕೇಳಿದ್ರೆ ಕೊಡ್ತಾರೆ, ಒಳಗೊಳಗೇ ನಗ್ತಾರೆ. ಬಿಲ್ಲು ತಾನಾಗೇ ಬರಲ್ಲ, ಕೇಳ್ಬೇಕು, ನಿಮ್ಮನ್ನ ಎಬ್ಬಿಸಿದ ಹಾಗಾಗತ್ತೆ ಅಂತ ಅವರು ತರಲ್ಲ. ಇಟಲಿಯಲ್ಲಿ ಅದರಲ್ಲಿ ಕೊಪೆರ್ತೊ ಅಂತ ತಲೆಗಿಷ್ಟು ಹಾಕಿರ್ತಾರೆ, ಅದು ಟೇಬಲ್ಲು ಬ್ರೆಡ್ಡಿನ ಚಾರ್ಜು, ಜಗಳ ಬೇಡ, ಟಿಪ್ಸು ಪರ್ಸೆಂಟೇಜ್ ಲೆಕ್ಕದಲ್ಲಿ ಕೊಡೋ ರೂಢಿನೂ ಇಲ್ಲ, ಖುಷಿಯಾದಷ್ಟು ಇಟ್ಟು ಬನ್ನಿ. ಬೇರೆ ದೇಶದಲ್ಲಾದ್ರೆ ಸರ್ವೀಸ್ ಚಾರ್ಜ್ ಮೊದಲೇ ಸೇರಿದೆಯಾ ನೋಡಿ. ತೂಕದ ಐಟಂ ಇದ್ರೆ ಗ್ರಾಂ ಒಂದ್ಸಲ ಚೆಕ್ ಮಾಡಿ. ಹೊರಡೋವಾಗ ನಿಮಗೆ ಬಡಿಸಿದ ವೇಟರ್ ಹೆಸರು ಕೇಳಿ ಬರ್ಕೊಳ್ಳಿ, ಮುಂದಿನ ಸಲ ಫೋನಲ್ಲಿ ಅದೇ ಹೆಸರು ಹೇಳಿದ್ರೆ ಟೇಬಲ್ಲೂ ಒಳ್ಳೇದು ಸಿಗತ್ತೆ, ಮೆನುವಿನಲ್ಲಿ ಬರೆದಿಲ್ಲದ ಆ ದಿನದ ಸ್ಪೆಷಲ್ಲೂ ಕಿವಿಗೆ ಬೀಳತ್ತೆ.