ಲಿನಕ್ಸ್ ಪೆನ್‌ಡ್ರೈವ್ ಬೂಟ್ ಆಗುತ್ತಿಲ್ಲವೇ? ಎಲ್ಲಿ ನಿಂತಿತು ಎಂದು ಮೊದಲು ನೋಡಿ

ಪೆನ್‌ಡ್ರೈವ್‌ನಿಂದ ಲಿನಕ್ಸ್ ಏಳದಿದ್ದಾಗ ಹೆಚ್ಚಿನವರು ಅದೇ ಐಎಸ್‌ಒ ಫೈಲನ್ನು (ಇಡೀ ಲಿನಕ್ಸ್ ಅಡಕವಾದ ಡಿಸ್ಕ್ ಇಮೇಜ್), ಅದೇ ಪೆನ್‌ಡ್ರೈವ್‌ಗೆ, ಅದೇ ಸಾಫ್ಟ್‌ವೇರ್‌ನಲ್ಲಿ ಮತ್ತೊಮ್ಮೆ ಬರೆಯುತ್ತಾರೆ. ಫಲವೂ ಅದೇ ಆಗಿರುತ್ತದೆ. ಅದರ ಬದಲು ಸ್ಕ್ರೀನ್ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಗಮನಿಸಿ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಇಲ್ಲದಿದ್ದರೆ ಬರೆದ ರೀತಿ ಅಥವಾ ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಫರ್ಮ್‌ವೇರ್) ಸೆಟ್ಟಿಂಗ್ ಕಡೆ ನೋಡಬೇಕು. ಹೆಸರು ಆರಿಸಿದ ಕೂಡಲೇ ‘ಸೆಕ್ಯೂರಿಟಿ ವಯೊಲೇಷನ್’ ಬಂದರೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಬೂಟ್ ಫೈಲ್‌ಗಳನ್ನು ತಡೆಯುವ ರಕ್ಷಣೆ) ತಡೆದಿದೆ. ಗ್ರಬ್ (ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್) ಮೆನು ಬಂದು ಆಮೇಲೆ ಕಪ್ಪಾದರೆ ಗ್ರಾಫಿಕ್ಸ್. ಲೋಗೋ ತೋರಿಸಿ, ಬಿಳಿ ಅಕ್ಷರಗಳ ಪ್ರಾಂಪ್ಟ್‌ಗೆ ಬಿದ್ದರೆ ಅರೆಬರೆ ಬರೆದ ಡ್ರೈವ್ ಅಥವಾ ಯುಎಸ್‌ಬಿ ಪೋರ್ಟ್.

ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳು.

ಫೈಲ್ ಮತ್ತು ಪೆನ್‌ಡ್ರೈವ್

ಉಬುಂಟು 24.04 ಡೆಸ್ಕ್‌ಟಾಪ್ ಐಎಸ್‌ಒ ಸುಮಾರು 6 ಜಿಬಿ ಇದೆ, ಲಿನಕ್ಸ್ ಮಿಂಟ್ 22 ಸುಮಾರು 3 ಜಿಬಿ. ಹಳೆಯ 4 ಜಿಬಿ ಪೆನ್‌ಡ್ರೈವ್ ಉಬುಂಟುಗೆ ಸಾಲದು; 8 ಜಿಬಿ ಅಥವಾ ಹೆಚ್ಚಿನದು ಬೇಕು. ಡೌನ್‌ಲೋಡ್ ನಡುವೆ ನೆಟ್ ಕೈಕೊಟ್ಟಿದ್ದರೆ ಫೈಲ್ ನೋಡಲು ಸರಿಯಾಗಿಯೇ ಕಾಣುತ್ತದೆ, ಒಳಗೆ ಹಾಳಾಗಿರುತ್ತದೆ. ಆದ್ದರಿಂದ ಚೆಕ್‌ಸಮ್ (ಫೈಲ್ ಸರಿಯಾಗಿ ಬಂದಿದೆಯೇ ಎಂದು ಹೋಲಿಸುವ ಸಂಕೇತ) ನೋಡದೆ ಮುಂದೆ ಹೋಗಬೇಡಿ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’, ಆಮೇಲೆ ಐಎಸ್‌ಒ ಹೆಸರು, ಕೊನೆಗೆ ‘ಎಸ್‌ಎಚ್‌ಎ256’. ಲಿನಕ್ಸ್‌ನಲ್ಲಿ ‘ಎಸ್‌ಎಚ್‌ಎ256ಸಮ್’ ಮತ್ತು ಫೈಲ್ ಹೆಸರು. ಬರುವ 64 ಅಕ್ಷರಗಳ ಸಾಲು, ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಸಾಲಿಗೆ ಪೂರ್ತಿ ಹೊಂದಬೇಕು. ಒಂದೇ ಅಕ್ಷರ ಬೇರೆಯಾದರೂ ಫೈಲನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ.

ಕೆಲವು ನೂರು ರೂಪಾಯಿಗೆ ಸಿಗುವ 1 ಟಿಬಿ ಪೆನ್‌ಡ್ರೈವ್ ನಕಲಿ ಎಂದೇ ತಿಳಿಯಿರಿ. ಒಳಗೆ ಸ್ವಲ್ಪವೇ ಮೆಮೊರಿ ಇದ್ದು, ಕಂಟ್ರೋಲರ್ ಮಾತ್ರ ದೊಡ್ಡ ಲೆಕ್ಕ ಹೇಳುತ್ತಿರುತ್ತದೆ. ಬರೆಯುವಾಗ ತಕರಾರು ಇರುವುದಿಲ್ಲ, ಓದುವಾಗ ಡೇಟಾ ಇರುವುದಿಲ್ಲ. ಲಿನಕ್ಸ್‌ನಲ್ಲಿ ‘ಎಫ್3’, ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’ ಇದನ್ನು ಬಯಲು ಮಾಡುತ್ತವೆ.

ಬರೆಯುವಾಗ ಆಗುವ ತಪ್ಪುಗಳು

ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಅದನ್ನು ಇಮೇಜ್ ಆಗಿ ಬರೆಯಬೇಕು. ಐಎಸ್‌ಒಗಳನ್ನು ನೇರವಾಗಿ ಎಬ್ಬಿಸುವ ವೆಂಟಾಯ್ ಎಂಬ ಉಪಕರಣ ಮಾತ್ರ ಇದಕ್ಕೆ ಹೊರತು: ಒಮ್ಮೆ ವೆಂಟಾಯ್ ಹಾಕಿದ ಡ್ರೈವ್‌ಗೆ ಐಎಸ್‌ಒಗಳನ್ನು ಸುಮ್ಮನೆ ಕಾಪಿ ಮಾಡಿದರೆ ಸಾಕು.

ವಿಂಡೋಸ್‌ನಲ್ಲಿ ಐಎಸ್‌ಒ ಬರೆಯಲು ರೂಫಸ್ ಎಂಬ ಸಾಫ್ಟ್‌ವೇರ್ ಬಳಸುವವರಿಗೆ ಸ್ಟಾರ್ಟ್ ಒತ್ತಿದ ಮೇಲೆ ಒಂದು ಪ್ರಶ್ನೆ ಎದುರಾಗುತ್ತದೆ: ಐಎಸ್‌ಒ ಮೋಡೋ (ಒಳಗಿನ ಫೈಲ್‌ಗಳನ್ನು ಬಿಡಿಸಿ ಬರೆಯುವುದು), ಡಿಡಿ ಮೋಡೋ (ಇಮೇಜನ್ನು ಇದ್ದಂತೆಯೇ ಇಳಿಸುವುದು)? ಮೊದಲು ಐಎಸ್‌ಒ ಮೋಡ್‌ನಲ್ಲೇ ಬರೆಯಿರಿ. ಡ್ರೈವ್‌ನಲ್ಲಿ ಉಳಿದ ಜಾಗವನ್ನೂ ಬಳಸಬಹುದು. ಬೂಟ್ ಆಗುವಾಗ ‘ಫೇಲ್ಡ್ ಟು ಲೋಡ್ ಎಲ್‌ಡಿಲಿನಕ್ಸ್.ಸಿ32’ ಎಂದು ಬಂದರೆ, ಅಥವಾ ಮೆನು ಇಲ್ಲದೆ ಬರೀ ‘ಗ್ರಬ್>’ ಎಂದು ನಿಂತರೆ, ಐಎಸ್‌ಒ ಒಳಗಿನ ಬೂಟ್‌ಲೋಡರ್‌ಗೂ ರೂಫಸ್ ಹಾಕಿದ ಆವೃತ್ತಿಗೂ ಹೊಂದಾಣಿಕೆ ತಪ್ಪಿರುವ ಸಂಭವ ಹೆಚ್ಚು. ಕೆಲವೊಮ್ಮೆ ರೂಫಸ್ ‘ಹೊಸ ಫೈಲ್ ಡೌನ್‌ಲೋಡ್ ಮಾಡಲೇ’ ಎಂದು ಕೇಳುತ್ತದೆ. ಅದಕ್ಕೆ ‘ನೋ’ ಒತ್ತಿದವರಿಗೆ ಹೀಗಾಗುವುದುಂಟು. ಮತ್ತೆ ಬರೆಯಿರಿ, ಈ ಸಲ ಡಿಡಿ ಮೋಡ್. ಈಚಿನ ಹೆಚ್ಚಿನ ಲಿನಕ್ಸ್ ಐಎಸ್‌ಒಗಳು ಹೈಬ್ರಿಡ್, ಅಂದರೆ ಇದ್ದಂತೆಯೇ ಡಿಸ್ಕ್‌ಗೆ ಇಳಿಸಿದರೂ ಬೂಟ್ ಆಗುವಂತೆ ಕಟ್ಟಿದವು.

ರೂಫಸ್ ‘ಆಕ್ಸೆಸ್ ಡಿನೈಡ್’ ಅಂದರೆ ಪೆನ್‌ಡ್ರೈವ್ ತೆರೆದಿರುವ ಎಕ್ಸ್‌ಪ್ಲೋರರ್ ಕಿಟಕಿಗಳನ್ನು ಮುಚ್ಚಿ. ವಿಂಡೋಸ್ ಸೆಕ್ಯೂರಿಟಿಯ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆನ್ ಇದ್ದರೂ ಹೀಗೆ ತಡೆಯುತ್ತದೆ. ಎಲ್ಲ ಮಾಡಿದರೂ ‘ರೈಟ್ ಪ್ರೊಟೆಕ್ಟೆಡ್’ ಎಂದೇ ಬರುತ್ತಿದ್ದರೆ ಡ್ರೈವ್‌ನ ಆಯಸ್ಸು ಮುಗಿದಿರಬಹುದು. ಸಾಯುವ ಹೊತ್ತಿಗೆ ಎಷ್ಟೋ ಪೆನ್‌ಡ್ರೈವ್‌ಗಳು ಓದಲು ಮಾತ್ರ ಬಿಡುತ್ತವೆ. ಅದರ ಮೇಲೆ ಸಂಜೆಯನ್ನೆಲ್ಲ ಕಳೆಯುವುದು ದಂಡ.

ಲಿನಕ್ಸ್‌ನಲ್ಲಿ ಇಮೇಜ್ ಬರೆಯಲು ‘ಡಿಡಿ’ ಕಮಾಂಡ್ ಬಳಸುವವರು ಸ್ವಲ್ಪ ನಿಧಾನಿಸಬೇಕು. ಮೊದಲು ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು, ಅಳತೆ ನೋಡಿ ಪೆನ್‌ಡ್ರೈವ್ ಯಾವುದೆಂದು ಗುರುತಿಸಿ. ‘ಎಸ್‌ಡಿಎ ಅಂದರೆ ಒಳಗಿನ ಡಿಸ್ಕ್, ಎಸ್‌ಡಿಬಿ ಅಂದರೆ ಪೆನ್‌ಡ್ರೈವ್’ ಎಂಬ ಹಳೇ ಲೆಕ್ಕವನ್ನು ನಂಬಬೇಡಿ. ಎನ್‌ವಿಎಂಇ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಒಳಗಿನ ಡಿಸ್ಕ್ ‘ಎನ್‌ವಿಎಂಇ0ಎನ್1’ ಆಗಿ, ಪೆನ್‌ಡ್ರೈವ್ ‘ಎಸ್‌ಡಿಎ’ ಆಗುತ್ತದೆ. ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಅದೇ ಹೆಸರು ಕೊಟ್ಟರೆ ಮನೆಯ ಫೋಟೋಗಳೆಲ್ಲ ಹೋದವು ಎಂದೇ ಲೆಕ್ಕ.

ಗುರುತಿಸಿದ ಮೇಲೆ ಅದರ ಪಾರ್ಟಿಷನ್‌ಗಳನ್ನು ‘ಯುಮೌಂಟ್’ ಮಾಡಿ (ಇಜೆಕ್ಟ್ ಅಲ್ಲ, ಇಜೆಕ್ಟ್ ಮಾಡಿದರೆ ಸಾಧನವೇ ಮಾಯವಾಗಬಹುದು). ಆಮೇಲೆ ‘ಸುಡೋ ಡಿಡಿ’, ‘ಐಎಫ್=’ ಮುಂದೆ ಐಎಸ್‌ಒ ದಾರಿ, ‘ಒಎಫ್=’ ಮುಂದೆ ‘/ಡೆವ್/’ ಸೇರಿಸಿದ ಪೆನ್‌ಡ್ರೈವ್ ಹೆಸರು, ಜೊತೆಗೆ ‘ಬಿಎಸ್=4ಎಂ’ (ಇಲ್ಲಿ ಎಂ ಮಾತ್ರ ದೊಡ್ಡಕ್ಷರ), ‘ಸ್ಟೇಟಸ್=ಪ್ರೋಗ್ರೆಸ್’, ‘ಕಾನ್ವ್=ಎಫ್‌ಸಿಂಕ್’. ಪೆನ್‌ಡ್ರೈವ್ ಹೆಸರಿನ ಕೊನೆಗೆ 1 ಎಂಬ ಅಂಕೆ ಬರಬಾರದು. ಐಎಸ್‌ಒದ ಬೂಟ್ ಕೋಡ್ ಮತ್ತು ಪಾರ್ಟಿಷನ್ ಟೇಬಲ್ ಡಿಸ್ಕ್‌ನ ತೀರಾ ಮೊದಲ ಸೆಕ್ಟರ್‌ನಲ್ಲಿ ಕೂರಬೇಕು. ‘ಎಸ್‌ಡಿಬಿ1’ ಎಂದರೆ ಅವು ಪಾರ್ಟಿಷನ್ ಒಳಗೆ ಹೋಗಿ ಕೂರುತ್ತವೆ, ಬಯಾಸ್ ಅಲ್ಲಿ ಹುಡುಕುವುದೇ ಇಲ್ಲ.

ಕೊನೆಯ ‘ಎಫ್‌ಸಿಂಕ್’ ಮರೆತರೆ ಏನಾಗುತ್ತದೆ? ಡಿಡಿ ಮುಗಿದು ಪ್ರಾಂಪ್ಟ್ ಮರಳಿ ಬರುತ್ತದೆ, ಆದರೆ ಡೇಟಾದ ಒಂದು ಭಾಗ ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ. ಆಗ ಡ್ರೈವ್ ಎಳೆದುಬಿಟ್ಟರೆ ಗ್ರಬ್ ಮೆನು ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಸಾಧಾರಣ ಯುಎಸ್‌ಬಿ 2 ಪೆನ್‌ಡ್ರೈವ್‌ಗೆ 6 ಜಿಬಿ ಬರೆಯಲು 10ರಿಂದ 20 ನಿಮಿಷ ಹಿಡಿಯುತ್ತದೆ. ಐದು ಸೆಕೆಂಡಿನಲ್ಲಿ ಮುಗಿಯಿತು ಎಂದರೆ ಅನುಮಾನಪಡಿ.

ಆ ಐದು ಸೆಕೆಂಡಿನ ಹಿಂದೆ ಇನ್ನೊಂದು ಮೋಜೂ ಇರಬಹುದು. ಇಲ್ಲದ ಸಾಧನದ ಹೆಸರು ಕೊಟ್ಟರೆ, ಉದಾಹರಣೆಗೆ ಎಲ್ಲೋ ಕಂಡ ‘/ಡೆವ್/ಎಸ್‌ಡಿಎಕ್ಸ್’ ಅನ್ನು ಹಾಗೆಯೇ ಟೈಪಿಸಿದರೆ, ಡಿಡಿ ದೂರುವುದಿಲ್ಲ. ‘ಡೆವ್’ ಫೋಲ್ಡರ್ ಇರುವುದು ರ‍್ಯಾಮ್‌ನಲ್ಲಿ. ಅಲ್ಲಿ ಆ ಹೆಸರಿನ ಮಾಮೂಲಿ ಫೈಲೊಂದನ್ನು ಸೃಷ್ಟಿಸಿ ಮಿಂಚಿನ ವೇಗದಲ್ಲಿ ತುಂಬಿಸುತ್ತದೆ. ರ‍್ಯಾಮ್ ಕಡಿಮೆ ಇದ್ದರೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎನ್ನುತ್ತದೆ, 32 ಜಿಬಿ ಪೆನ್‌ಡ್ರೈವ್ ಖಾಲಿಯೇ ಕೂತಿರುತ್ತದೆ. ‘ಎಲ್‌ಎಸ್ -ಎಲ್’ ಕೊಟ್ಟಾಗ ಸಾಲಿನ ಮೊದಲಿಗೆ ‘ಬಿ’ ಇದ್ದರೆ ನಿಜವಾದ ಸಾಧನ, ಅಡ್ಡಗೆರೆ ಇದ್ದರೆ ಈ ಸುಳ್ಳು ಫೈಲ್. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಅದು ಹೋಗುತ್ತದೆ.

ಬೂಟ್ ಮೆನುವಿನಲ್ಲಿ ಕಾಣದಿದ್ದರೆ

ಬೂಟ್ ಮೆನು ತೆರೆಯಲು ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಒತ್ತಬೇಕಾದ ಕೀ ಇವು: ಡೆಲ್, ಏಸರ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಅಥವಾ ಎಸ್ಕೇಪ್ ಒತ್ತಿ ಎಫ್9, ಅಸೂಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಅಸೂಸ್ ಮದರ್‌ಬೋರ್ಡ್‌ಗಳಲ್ಲಿ ಎಫ್8, ಎಂಎಸ್‌ಐನಲ್ಲಿ ಎಫ್11, ಗಿಗಾಬೈಟ್‌ನಲ್ಲಿ ಎಫ್12, ಲೆನೊವೊದಲ್ಲಿ ಎಫ್12, ಕೆಲವು ಐಡಿಯಾಪ್ಯಾಡ್‌ಗಳಲ್ಲಿ ಪಿನ್ ಚುಚ್ಚಿ ಒತ್ತುವ ಪುಟ್ಟ ನೋವೊ ಬಟನ್. ಏಸರ್‌ನಲ್ಲಿ ಎಷ್ಟೋ ಸಲ ‘ಎಫ್12 ಬೂಟ್ ಮೆನು’ ಎಂಬುದನ್ನು ಮೊದಲು ಬಯಾಸ್‌ನಲ್ಲಿ ಆನ್ ಮಾಡಬೇಕಾಗುತ್ತದೆ.

ಕೀ ಒತ್ತಿದರೂ ನೇರ ವಿಂಡೋಸ್‌ಗೇ ಹೋಗುತ್ತಿದ್ದರೆ ಫಾಸ್ಟ್ ಸ್ಟಾರ್ಟಪ್ ಕಡೆ ನೋಡಿ. ಅದು ಆನ್ ಇದ್ದಾಗ ‘ಶಟ್ ಡೌನ್’ ಎಂದರೆ ಪೂರ್ತಿ ಆರುವುದಲ್ಲ, ಅರೆನಿದ್ದೆ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ‘ಯೂಸ್ ಎ ಡಿವೈಸ್’ ಆರಿಸಿ. ಬಯಾಸ್‌ನ ಫಾಸ್ಟ್ ಬೂಟ್ ಬೇರೆಯೇ ಸಂಗತಿ: ಸಮಯ ಉಳಿಸಲು ಅದು ಯುಎಸ್‌ಬಿಯನ್ನೇ ತಡಕುವುದಿಲ್ಲ. ಅದನ್ನೂ ಆಫ್ ಮಾಡಿ.

ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಬಹುದು, ಒಂದರ ಹಿಂದೆ ‘ಯುಇಎಫ್‌ಐ’ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಫರ್ಮ್‌ವೇರ್) ಎಂದಿರುತ್ತದೆ. ವಿಂಡೋಸ್ 8 ಅಥವಾ ನಂತರದ್ದು ಕಂಪನಿಯಿಂದಲೇ ಬಂದ ಯಂತ್ರಗಳಲ್ಲಿ, ಅಂದರೆ 2012ರ ಕೊನೆಯಿಂದೀಚಿನವುಗಳಲ್ಲಿ, ಯುಇಎಫ್‌ಐ ಇರುವುದನ್ನೇ ಆರಿಸಿ. ರೂಫಸ್‌ನಲ್ಲೂ ಜಿಪಿಟಿ (ಹೊಸ ಬಗೆಯ ಪಾರ್ಟಿಷನ್ ಟೇಬಲ್) ಮತ್ತು ಯುಇಎಫ್‌ಐ ಇಡಿ. ಇನ್ನೊಂದನ್ನು ಆರಿಸಿದರೆ ಲೈವ್ ಡೆಸ್ಕ್‌ಟಾಪ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಯುವುದು) ಚೆನ್ನಾಗಿಯೇ ಬರುತ್ತದೆ, ಇನ್‌ಸ್ಟಾಲ್ ಕೊನೆಯಲ್ಲಿ ಗ್ರಬ್ ಹಾಕುವಾಗ ಮುಗ್ಗರಿಸುತ್ತದೆ, ಅಥವಾ ವಿಂಡೋಸ್ ಜೊತೆ ಒಂದೇ ಮೆನುವಿಗೆ ಬರುವುದಿಲ್ಲ. ಲೈವ್‌ಗೆ ಬಂದ ಮೇಲೆ ‘/ಸಿಸ್/ಫರ್ಮ್‌ವೇರ್/ಇಎಫ್‌ಐ’ ಫೋಲ್ಡರ್ ಇದ್ದರೆ ಯುಇಎಫ್‌ಐನಲ್ಲೇ ಇದ್ದೀರಿ.

ಎಂ1 ನಂತರದ ಮ್ಯಾಕ್‌ಗಳಲ್ಲಿ ಈ ಐಎಸ್‌ಒಗಳು ಏಳುವುದಿಲ್ಲ. ಆ ಪ್ರೊಸೆಸರ್ ಬೇರೆ ಜಾತಿಯದು.

ಸೆಕ್ಯೂರ್ ಬೂಟ್

ಉಬುಂಟು, ಮಿಂಟ್, ಫೆಡೋರಾ, ಓಪನ್‌ಸೂಸೆ, 10ನೇ ಆವೃತ್ತಿಯಿಂದೀಚೆಗೆ ಡೆಬಿಯನ್: ಇವು ಸೆಕ್ಯೂರ್ ಬೂಟ್ ಆನ್ ಇದ್ದರೂ ನಡೆಯುತ್ತವೆ. ಆರ್ಚ್‌ನ ಐಎಸ್‌ಒ ನಡೆಯುವುದಿಲ್ಲ. ಹೊಸ ಥಿಂಕ್‌ಪ್ಯಾಡ್‌ಗಳಲ್ಲಿ ಉಬುಂಟುವೂ ತಡೆದು ನಿಂತರೆ ಬಯಾಸ್‌ನ ಸೆಕ್ಯೂರ್ ಬೂಟ್ ಪುಟದಲ್ಲಿ ‘ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ’ ಎಂಬುದನ್ನು ಆನ್ ಮಾಡಿ. ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಿಲ್ಲ.

ವೆಂಟಾಯ್ ಮೊದಲ ಸಲ ‘ವೆರಿಫಿಕೇಷನ್ ಫೇಲ್ಡ್’ ಎನ್ನುತ್ತದೆ. ಗಾಬರಿ ಬೇಡ. ಓಕೆ ಒತ್ತಿ, ಯಾವುದಾದರೂ ಕೀ ಒತ್ತಿ ಮುಂದಿನ ಮೆನುವಿಗೆ ಹೋಗಿ, ‘ಎನ್‌ರೋಲ್ ಕೀ ಫ್ರಮ್ ಡಿಸ್ಕ್’, ‘ವಿಟಿಒವೈಇಎಫ್‌ಐ’, ಅದರಲ್ಲಿ ‘ಎನ್‌ರೋಲ್ ದಿಸ್ ಕೀ’ ಎಂದು ಶುರುವಾಗುವ ಫೈಲ್ ಆರಿಸಿ ರೀಬೂಟ್ ಮಾಡಿ. ಒಂದು ಯಂತ್ರಕ್ಕೆ ಒಮ್ಮೆ ಮಾಡಿದರೆ ಸಾಕು.

‘ಎಸ್‌ಬ್ಯಾಟ್ ಸೆಲ್ಫ್-ಚೆಕ್ ಫೇಲ್ಡ್’ ಬಂದರೆ ಐಎಸ್‌ಒ ಹಳೆಯದು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್‌ಲೋಡರ್‌ಗಳನ್ನು ತಡೆಯುವ ಪಟ್ಟಿಯನ್ನು ಫರ್ಮ್‌ವೇರ್‌ಗೆ ಹಾಕಿತು; ಎರಡೂ ಓಎಸ್ ಇದ್ದ ಎಷ್ಟೋ ಯಂತ್ರಗಳು ಆಗ ಲಿನಕ್ಸ್‌ಗೆ ಏಳದೆ ನಿಂತವು. ಹೊಸ ಐಎಸ್‌ಒ ಇಳಿಸಿಕೊಂಡು ಬರೆಯುವುದೇ ನೇರ ದಾರಿ.

ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕಾದರೆ, ಮುಟ್ಟುವ ಮೊದಲು ಬಿಟ್‌ಲಾಕರ್‌ನ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ; ಆಮೇಲೆ ವಿಂಡೋಸ್ ಅದನ್ನು ಕೇಳಬಹುದು. ‘ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ’ ಎನ್ನುವವರ ಲ್ಯಾಪ್‌ಟಾಪ್‌ನಲ್ಲೂ ವಿಂಡೋಸ್ 11 ತಾನಾಗಿ ಎನ್‌ಕ್ರಿಪ್ಟ್ ಮಾಡಿರುವುದುಂಟು. ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ.

ಮೆನು ಬಂದ ಮೇಲೆ ನಿಂತರೆ

ಗ್ರಬ್‌ನಲ್ಲಿ ಎಂಟರ್ ಒತ್ತಿದ ಮೇಲೆ ಕಪ್ಪು ಪರದೆ ಎಂದರೆ, ಎನ್‌ವಿಡಿಯಾ ಕಾರ್ಡ್ ಇರುವಲ್ಲಿ ಇದು ಹೆಚ್ಚು. ಉಬುಂಟು ಮೆನುವಿನಲ್ಲಿ ‘ಸೇಫ್ ಗ್ರಾಫಿಕ್ಸ್’ ಇದೆ, ಅದನ್ನು ಆರಿಸಿ. ಅದು ಇಲ್ಲದ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ಬಗೆಗಳಲ್ಲಿ) ಮೊದಲ ಆಯ್ಕೆಯ ಮೇಲೆ ನಿಂತು ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಲ್ಲಿ ‘ಕ್ವಯಟ್ ಸ್ಪ್ಲ್ಯಾಶ್’ ಪಕ್ಕ ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿ. ಇನ್‌ಸ್ಟಾಲ್ ಆದ ಮೇಲೆ ಮೊದಲ ಬೂಟ್‌ಗೂ ಇದೇ ಬೇಕಾಗಬಹುದು. ಎನ್‌ವಿಡಿಯಾ ಡ್ರೈವರ್ ಹಾಕಿದ ಮೇಲೆ ತೆಗೆಯಿರಿ, ಇಲ್ಲದಿದ್ದರೆ ಸ್ಕ್ರೀನ್ ರೆಸಲ್ಯೂಷನ್ ಸರಿಹೋಗುವುದಿಲ್ಲ.

‘ಇನಿಟ್‌ರಾಮ್‌ಎಫ್‌ಎಸ್’ ಪ್ರಾಂಪ್ಟ್, ಅದರ ಮೇಲೆ ಲೈವ್ ಫೈಲ್ ಸಿಸ್ಟಮ್ ಸಿಗಲಿಲ್ಲ ಎಂಬ ಸಾಲು: ಕರ್ನಲ್ (ಲಿನಕ್ಸ್‌ನ ತಿರುಳು) ಎದ್ದಿದೆ, ಆದರೆ ತಾನು ಬಂದ ಪೆನ್‌ಡ್ರೈವ್ ಅದಕ್ಕೇ ಸಿಗುತ್ತಿಲ್ಲ. ಹಬ್ ತೆಗೆದು ನೇರ ಚುಚ್ಚಿ, ನೀಲಿ ಪೋರ್ಟ್‌ನಿಂದ ಕಪ್ಪು ಪೋರ್ಟ್‌ಗೆ ಬದಲಿಸಿ, ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್‌ನ ಹಿಂಬದಿ ಪೋರ್ಟ್ ಬಳಸಿ. ಹೋಗದಿದ್ದರೆ ಬರವಣಿಗೆಯೇ ಕೆಟ್ಟಿದೆ. ಫೆಡೋರಾದಲ್ಲಿ ‘ಡ್ರಾಕಟ್ ಟೈಮ್‌ಔಟ್’ ಬಂದರೆ ಕಾರಣ ಸ್ವಲ್ಪ ಬೇರೆ: ಅದು ಡ್ರೈವ್ ಹುಡುಕುವುದು ಲೇಬಲ್ ಹಿಡಿದು, ಆದರೆ ಫ್ಯಾಟ್32 ಲೇಬಲ್‌ಗೆ 11 ಅಕ್ಷರಗಳೇ ಮಿತಿ. ಯುನೆಟ್‌ಬೂಟಿನ್‌ನಂಥ ಹಳೆಯ ಉಪಕರಣದಲ್ಲಿ ಬರೆದರೆ ಹೆಸರು ತುಂಡಾಗಿ ಹುಡುಕಾಟ ವಿಫಲವಾಗುತ್ತದೆ. ಫೆಡೋರಾ ಮೀಡಿಯಾ ರೈಟರ್‌ನಲ್ಲಿ ಬರೆಯಿರಿ.

ಪೆನ್‌ಡ್ರೈವ್ ಮರಳಿ ಪಡೆಯಲು

ಡಿಡಿ ಮೋಡ್‌ನಲ್ಲಿ ಬರೆದ ಡ್ರೈವನ್ನು ವಿಂಡೋಸ್‌ಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ, ಅಥವಾ 32 ಜಿಬಿಯಲ್ಲಿ ಕೆಲವೇ ಎಂಬಿ ತೋರಿಸುತ್ತದೆ. ಡ್ರೈವ್ ಕೆಟ್ಟಿಲ್ಲ, ಲಿನಕ್ಸ್ ಪಾರ್ಟಿಷನ್ ವಿಂಡೋಸ್‌ಗೆ ಅರ್ಥವಾಗಿಲ್ಲ, ಅಷ್ಟೆ. ಬೂಟ್ ಮಾಡುವುದು ಬಾಕಿ ಇದ್ದರೆ ಕ್ಯಾನ್ಸಲ್ ಒತ್ತಿ. ಕೆಲಸ ಮುಗಿದಿದ್ದರೆ ಅಡ್ಮಿನ್ ಪ್ರಾಂಪ್ಟ್‌ನಲ್ಲಿ ‘ಡಿಸ್ಕ್‌ಪಾರ್ಟ್’, ‘ಲಿಸ್ಟ್ ಡಿಸ್ಕ್’, ಅಳತೆ ನೋಡಿ ‘ಸೆಲೆಕ್ಟ್ ಡಿಸ್ಕ್’ ಮತ್ತು ಅದರ ಸಂಖ್ಯೆ, ‘ಕ್ಲೀನ್’, ‘ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ’, ‘ಫಾರ್ಮ್ಯಾಟ್ ಎಫ್‌ಎಸ್=ಎಕ್ಸ್‌ಫ್ಯಾಟ್ ಕ್ವಿಕ್’, ‘ಅಸೈನ್’. ‘ಕ್ಲೀನ್’ ಒತ್ತುವ ಮುನ್ನ ‘ಲಿಸ್ಟ್ ಡಿಸ್ಕ್’ ಇನ್ನೊಮ್ಮೆ ಕೊಟ್ಟು, ಆರಿಸಿದ ಡಿಸ್ಕ್‌ನ ಪಕ್ಕದ ನಕ್ಷತ್ರ ಚಿಹ್ನೆ ಪೆನ್‌ಡ್ರೈವ್ ಮೇಲೆಯೇ ಇದೆಯೇ ನೋಡಿ.