ಬಾಗಿಲು ಬಾಡಿಗೆದಾರನದು: ಒಂಟಾರಿಯೊದ ಸಪೋರ್ಟಿವ್ ಹೌಸಿಂಗ್‌ ಕೆಲಸಕ್ಕೆ ಹೊರಟವರಿಗೆ

ಒಂಟಾರಿಯೊದಲ್ಲಿ ಈ ಕೆಲಸ ಮಾಡುವ ನಾನು ರಜೆಗೆಂದು ಉಡುಪಿಗೆ ಬಂದರೆ ಮೂರನೆಯ ದಿನಕ್ಕೆ ಯಾರಾದರೊಬ್ಬರು ಮಗನನ್ನೋ ಸೊಸೆಯನ್ನೋ ಕರೆದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಈ ಸಲ ಬಂದವನು ಮಲ್ಪೆಯ ಹುಡುಗ. ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ, ಟೊರೊಂಟೊದಲ್ಲಿ ಇನ್ನೊಂದು ಕೋರ್ಸ್ ಮಾಡಿ, ಅಲ್ಲೇ ಒಂದು ಲಾಭರಹಿತ ಸಂಸ್ಥೆಯ ಸಪೋರ್ಟಿವ್ ಹೌಸಿಂಗ್‌ನಲ್ಲಿ, ಅಂದರೆ ಸಿಬ್ಬಂದಿಯ ನೆರವಿರುವ ಬಾಡಿಗೆ ವಸತಿಯಲ್ಲಿ, ಪಾಳಿಯ ಮೇಲ್ವಿಚಾರಕನಾಗಿ ಕೆಲಸ ಹಿಡಿದಿದ್ದಾನೆ. ತರಬೇತಿಯ ಕಾಗದಗಳನ್ನು ಓದಿಕೊಂಡು ಬಂದಿದ್ದ. "ಅಕ್ಕ, ಒಳಗೆ ಯಾರೋ ಕೂಗಾಡುತ್ತಿದ್ದರೂ ನಾವಾಗಿ ಬಾಗಿಲು ತೆಗೆಯಬಾರದಂತೆ, ಹೌದಾ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಇದು ಒಂಟಾರಿಯೊ ಪ್ರಾಂತ್ಯದ ಮಾತು. ಕೆನಡಾದ ಬೇರೆ ಪ್ರಾಂತ್ಯಗಳಲ್ಲಿ ಕಾನೂನಿನ ಹೆಸರೂ ವಿವರವೂ ಬೇರೆ.

ಮೊದಲು ತಲೆಯಿಂದ ತೆಗೆಯಬೇಕಾದದ್ದು ನಮ್ಮೂರಿನ 'ಆಶ್ರಮ' ಎಂಬ ಚಿತ್ರ. ಗೇಟು, ವಾರ್ಡನ್, ಊಟದ ಗಂಟೆ, ರಾತ್ರಿ ಒಂಬತ್ತಕ್ಕೆ ದೀಪ ಆರಿಸುವುದು, ಇವು ಅಲ್ಲಿ ಇಲ್ಲ. ಬೀದಿಯಲ್ಲೋ ಶೆಲ್ಟರಿನಲ್ಲೋ ವರ್ಷಗಟ್ಟಲೆ ಕಳೆದ, ಮಾನಸಿಕ ಕಾಯಿಲೆಯೋ ಮಾದಕ ವಸ್ತುವಿನ ಚಟವೋ ಇರುವ ಮನುಷ್ಯನಿಗೆ ಮೊದಲು ಮನೆ ಕೊಡು, ಚಿಕಿತ್ಸೆಯ ಮಾತು ಆಮೇಲೆ ಎನ್ನುವುದು ಇದರ ತಿರುಳು. 'ಹೌಸಿಂಗ್ ಫಸ್ಟ್' ಎಂಬ ಈ ವಿಧಾನವನ್ನು ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿದರು. ಕೆನಡಾ 2009ರಿಂದ 2013ರವರೆಗೆ ವ್ಯಾಂಕೂವರ್, ವಿನಿಪೆಗ್, ಟೊರೊಂಟೊ, ಮಾಂಟ್ರಿಯಲ್, ಮಾಂಕ್ಟನ್ ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಇದನ್ನು ಪರೀಕ್ಷಿಸಿ ನೋಡಿತು. ಮಾತ್ರೆ ನುಂಗದಿದ್ದರೆ, ಕುಡಿತ ಬಿಡದಿದ್ದರೆ ಮನೆ ಹೋಗುತ್ತದೆ ಎಂಬ ಬೆದರಿಕೆ ಅಲ್ಲಿ ಇಲ್ಲ.

ಆದ್ದರಿಂದ ಕಟ್ಟಡದ ಬಹುಪಾಲು ಜನ ಬಾಡಿಗೆದಾರರು. 2006ರ ರೆಸಿಡೆನ್ಶಿಯಲ್ ಟೆನೆನ್ಸೀಸ್ ಆ್ಯಕ್ಟ್ ಎಂಬ ಬಾಡಿಗೆ ಕಾನೂನು ಅವರಿಗೆ ಅನ್ವಯಿಸುತ್ತದೆ. ಒಳಗೆ ಹೋಗಬೇಕಾದರೆ 24 ಗಂಟೆ ಮುಂಚೆ ಲಿಖಿತ ನೋಟಿಸ್ ಕೊಡಬೇಕು, ಕಾರಣ ಬರೆದಿರಬೇಕು, ಬೆಳಿಗ್ಗೆ 8ರಿಂದ ರಾತ್ರಿ 8ರ ಒಳಗೆ ಹೋಗಬೇಕು. ವಿನಾಯಿತಿ ಇರುವುದು ತುರ್ತು ಪರಿಸ್ಥಿತಿಗೆ, ಅಥವಾ ಆ ಹೊತ್ತಿಗೆ ಬಾಡಿಗೆದಾರರೇ ಒಪ್ಪಿದರೆ. ಹಾಗಾದರೆ ತುರ್ತು ಎಂದರೆ ಯಾವುದು? ಬಾಗಿಲಿನಡಿಯಿಂದ ಹೊಗೆ ಬಂದರೆ ತುರ್ತು, ಕರೆದರೆ ಉತ್ತರವಿಲ್ಲದೆ ಒಳಗಿನಿಂದ ಉಸಿರು ಸಿಕ್ಕಿಕೊಂಡಂತಹ ಗೊರಕೆ ಕೇಳಿದರೆ ತುರ್ತು. ಬರಿಯ ಕೂಗಾಟ ತುರ್ತಲ್ಲ. ನಮ್ಮಲ್ಲಿ ಪಕ್ಕದ ಮನೆಯಲ್ಲಿ ದನಿ ಏರಿದರೆ ಅಡುಗೆಮನೆ ಬಾಗಿಲಿನಿಂದಲೇ ಒಳಗೆ ಹೋಗಿ "ಏನಾಯಿತು ಮಾರಾಯ" ಎನ್ನುತ್ತೇವೆ. ಆ ಕಾಲು ಅಲ್ಲಿ ತಡೆಯಬೇಕು. ಕೆಲವು ತಾತ್ಕಾಲಿಕ ವಸತಿಗಳಿಗೆ ಈ ಕಾನೂನಿನಿಂದ ವಿನಾಯಿತಿ ಇರುವುದರಿಂದ, ನಿಮ್ಮ ಕಟ್ಟಡ ಯಾವ ಬಗೆಯದು ಎಂದು ಮೊದಲ ದಿನವೇ ಕೇಳಿಕೊಳ್ಳಿ.

ನನ್ನ ಮೊದಲ ಚಳಿಗಾಲದ ಒಂದು ರಾತ್ರಿ ನೆನಪಿದೆ. ಎರಡನೆಯ ಮಹಡಿಯ ಒಬ್ಬರು ಮೊಗಸಾಲೆಯಲ್ಲಿ ನಿಂತು, ಪಕ್ಕದವನು ಗೋಡೆಗೆ ಸುತ್ತಿಗೆಯಿಂದ ಬಡಿಯುತ್ತಿದ್ದಾನೆ, ಕೊಂದುಬಿಡುತ್ತೇನೆ ಎಂದು ಅರಚುತ್ತಿದ್ದರು. ಪಕ್ಕದ ಮನೆ ಖಾಲಿ ಇತ್ತು. ನಾನು ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತು ಬೆಳೆದವಳು. ನನಗೆ ಮನುಷ್ಯರ ನಡುವಿನ ದೂರವೆಂದರೆ ನಾಲ್ಕು ಬೆರಳು. ಹತ್ತಿರ ಹೋಗಿ ಕೈ ಹಿಡಿಯಲು ಹೊರಟಿದ್ದೆ. ಜೊತೆಗಿದ್ದ ಹಿರಿಯ ಸಹೋದ್ಯೋಗಿ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಅವರು ಎರಡು ಕೈಯಳತೆಯಾಚೆ, ಎದುರಿಗೆ ಅಲ್ಲ, ಸ್ವಲ್ಪ ಓರೆಯಾಗಿ, ಮೆಟ್ಟಿಲಿನ ದಾರಿ ಬಿಟ್ಟು ನಿಂತರು. ಕೈಗಳು ಕಾಣುವಂತಿದ್ದವು. "ನನಗೂ ಕೇಳಿಸಬೇಕು, ಸ್ವಲ್ಪ ಕಾಯೋಣವೇ?" ಎಂದರು. ಮೂವರೂ ಸುಮ್ಮನಾದೆವು. ಎರಡು ನಿಮಿಷದ ಮೇಲೆ ಟಣ್, ಟಣ್, ಟಣ್. ಹಳೆಯ ಹಬೆಯ ರೇಡಿಯೇಟರ್ ಬಿಸಿಯಾಗುವಾಗ ಕೊಳವೆ ಬಡಿದುಕೊಳ್ಳುವ ಸದ್ದು ಅದು. ಮರುದಿನ ರಿಪೇರಿಯವನು ಬಂದು ಒಂದು ವಾಲ್ವ್ ಬದಲಿಸಿ ಹೋದ. ಆ ಮನುಷ್ಯರಿಗೆ ಇಲ್ಲದ ದನಿಗಳು ಕೇಳಿಸುತ್ತಿದ್ದದ್ದೂ ಹೌದು, ಆದರೆ ಆ ರಾತ್ರಿ ಕೇಳಿದ್ದು ಇದ್ದ ಸದ್ದನ್ನೇ. ಅಂದಿನಿಂದ ನಾನು ಕಡತ ಓದುವ ಮೊದಲು ಗೋಡೆಗೆ ಕಿವಿ ಕೊಡುತ್ತೇನೆ.

ಈಗ ಫೋನಿನ ವಿಷಯ. ಎಲ್ಲಕ್ಕೂ ತುರ್ತು ಸೇವೆಯ 911 ಒತ್ತುವವರು ಕೆಲಸದಲ್ಲಿ ಉಳಿಯುತ್ತಾರೆ, ಆದರೆ ನಿವಾಸಿಗಳ ನಂಬಿಕೆ ಕಳೆದುಕೊಳ್ಳುತ್ತಾರೆ. ಬೆಂಕಿ, ಆಯುಧ, ನಿಂತ ಉಸಿರು, ಇವಕ್ಕೆ 911. ಆಯುಧವಿಲ್ಲದ ಮಾನಸಿಕ ಸಂಕಟಕ್ಕೆ ಟೊರೊಂಟೊದಲ್ಲಿ 211ಕ್ಕೆ ಕರೆ ಮಾಡಿದರೆ ನಗರದ ಕಮ್ಯುನಿಟಿ ಕ್ರೈಸಿಸ್ ಸರ್ವಿಸ್ ತಂಡ ಬರುತ್ತದೆ, ಪೊಲೀಸರಿಲ್ಲದೆ, ಹಗಲು ರಾತ್ರಿ ಯಾವ ಹೊತ್ತಿಗಾದರೂ. 2022ರಲ್ಲಿ ಕೆಲವು ಪ್ರದೇಶಗಳಲ್ಲಿ ಪ್ರಯೋಗವಾಗಿ ಆರಂಭವಾದದ್ದು 2024ರಲ್ಲಿ ಇಡೀ ನಗರಕ್ಕೆ ಹಬ್ಬಿತು. ಆತ್ಮಹತ್ಯೆಯ ಯೋಚನೆಯಲ್ಲಿರುವವರು ತಾವೇ ಮಾತನಾಡಲು 988 ಇದೆ. 2023ರ ನವೆಂಬರ್ 30ರಿಂದ ಕೆನಡಾದಾದ್ಯಂತ ಕರೆ ಅಥವಾ ಸಂದೇಶ, ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ.

'ಫಾರ್ಮ್ 1' ಎಂಬ ಮಾತು ಮೊದಲ ವಾರವೇ ಕಿವಿಗೆ ಬೀಳುತ್ತದೆ. ಅದಕ್ಕೆ ಸಹಿ ಹಾಕುವವರು ವೈದ್ಯರು. ಕಳೆದ ಏಳು ದಿನಗಳೊಳಗೆ ತಾವೇ ಪರೀಕ್ಷಿಸಿದ ವ್ಯಕ್ತಿಯನ್ನು ಗರಿಷ್ಠ 72 ಗಂಟೆಗಳ ಕಾಲ ಮನೋವೈದ್ಯಕೀಯ ತಪಾಸಣೆಗೆ ಇರಿಸಿಕೊಳ್ಳಲು ಅದು ಅಧಿಕಾರ ಕೊಡುತ್ತದೆ. ತಪಾಸಣೆಗೆ ಮಾತ್ರ, ಚಿಕಿತ್ಸೆಗೆ ಒಪ್ಪಿಗೆ ಬೇರೆಯೇ ಬೇಕು. ವೈದ್ಯರು ನೋಡಿಲ್ಲದಿದ್ದರೆ ಮನೆಯವರಾಗಲಿ ಸಿಬ್ಬಂದಿಯಾಗಲಿ ಜಸ್ಟಿಸ್ ಆಫ್ ದಿ ಪೀಸ್ ಎಂಬ ನ್ಯಾಯಾಧಿಕಾರಿಯ ಎದುರು ಪ್ರಮಾಣ ಮಾಡಿ ಫಾರ್ಮ್ 2, ಅಂದರೆ ವೈದ್ಯರ ಪರೀಕ್ಷೆಗೆ ಕರೆದೊಯ್ಯುವ ಆದೇಶ, ಕೇಳಬಹುದು. ಇನ್ನು ಮನೋಸ್ವಾಸ್ಥ್ಯ ಕಾಯ್ದೆಯ 17ನೆಯ ಸೆಕ್ಷನ್ ಅಡಿ ಕರೆದೊಯ್ಯುವ ಅಧಿಕಾರ ಪೊಲೀಸರದು. ಮೇಲ್ವಿಚಾರಕನಿಗೆ ಯಾರನ್ನೂ ಹಿಡಿದಿಡುವ ಅಧಿಕಾರವನ್ನು ಈ ಮೂರರಲ್ಲಿ ಯಾವುದೂ ಕೊಡುವುದಿಲ್ಲ. ಊರಿನಲ್ಲಿ ನಾಲ್ಕು ಜನ ಸೇರಿ ಹಿಡಿದು ರಿಕ್ಷಾ ಹತ್ತಿಸಿದ್ದನ್ನು ನೋಡಿದವರು ಇದನ್ನು ಎರಡು ಸಲ ಓದಿಕೊಳ್ಳಿ. (ಊರಿನಲ್ಲೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ಅದು ಸಲ್ಲುವುದಿಲ್ಲ ಎಂದು ಜಗಲಿಯಲ್ಲಿ ಹೇಳಿದರೆ ಹಿರಿಯರು ಎಲೆಯಡಿಕೆಯ ತಟ್ಟೆಯತ್ತ ನೋಡುತ್ತಾರೆ.)

ಆಮೇಲೆ ನಲೋಕ್ಸೋನ್, ಅಂದರೆ ಅಫೀಮು ಜಾತಿಯ ಮಾದಕ ವಸ್ತು ಅತಿಯಾಗಿ ಉಸಿರು ನಿಲ್ಲತೊಡಗಿದಾಗ ಕೊಡುವ ಮದ್ದು. ಒಂಟಾರಿಯೊದ ಔಷಧ ಅಂಗಡಿಗಳಲ್ಲಿ ಇದರ ಕಿಟ್ ಉಚಿತ. ತುಟಿ ನೀಲಿಗಟ್ಟಿದೆ, ಉಗುರು ಕಪ್ಪಾಗಿದೆ, ಗಂಟಲಲ್ಲಿ ಗುರುಗುರು ಎನ್ನುತ್ತಿದೆ ಎಂದರೆ ಅದು ನಿದ್ರೆಯಲ್ಲ. ಭುಜ ಅಲುಗಿಸಿ, ಹೆಸರು ಹಿಡಿದು ಕೂಗಿ, 911 ಮಾಡಿ, ಮೂಗಿಗೆ ಸ್ಪ್ರೇ ಹಾಕಿ, ಉಸಿರು ಕೊಡಿ. ಎರಡು ಮೂರು ನಿಮಿಷದಲ್ಲಿ ಫಲ ಕಾಣದಿದ್ದರೆ ಇನ್ನೊಂದು. ಈಗ ಬೀದಿಯ ಮಾಲಿನಲ್ಲಿ ಅಫೀಮು ಜಾತಿಯ ಫೆಂಟನಿಲ್ ಜೊತೆ ನಿದ್ರೆ ಮಾತ್ರೆಯ ಜಾತಿಯ ರಾಸಾಯನಿಕಗಳೂ ಬೆರೆತಿರುತ್ತವೆ, ಅವುಗಳ ಮೇಲೆ ನಲೋಕ್ಸೋನ್ ನಡೆಯದು. ಉಸಿರು ಮರಳಿದರೂ ಎಚ್ಚರವಾಗದೆ ಇರಬಹುದು. ನಿಮಗೆ ಬೇಕಾದದ್ದು ಉಸಿರು. ಎಚ್ಚರವಾಗಲಿಲ್ಲವೆಂದು ಡಬ್ಬಿಗಟ್ಟಲೆ ಸುರಿಯಬೇಡಿ. ಕರೆ ಮಾಡಿದವರ ಮೇಲೂ ಅಲ್ಲಿದ್ದವರ ಮೇಲೂ ಸ್ವಂತ ಬಳಕೆಗೆ ಮಾದಕ ವಸ್ತು ಇಟ್ಟುಕೊಂಡ ಮೊಕದ್ದಮೆ ಹೂಡದಂತೆ ಕೆನಡಾದ 2017ರ ಕಾನೂನು ರಕ್ಷಿಸುತ್ತದೆ. ಇದನ್ನು ನಿವಾಸಿಗಳಿಗೆ ಮೊದಲೇ ಹೇಳಿಡಿ, ಹೆದರಿ ಓಡಿಹೋಗುವುದು ತಪ್ಪುತ್ತದೆ. ಸಾಮಾಜಿಕ ನೆರವಿನ ಹಣ ತಿಂಗಳ ಕೊನೆಗೆ ಒಟ್ಟಿಗೆ ಜಮೆಯಾಗುತ್ತದೆ. ಆ ಎರಡು ಮೂರು ರಾತ್ರಿಗಳಿಗೆ ಪಾಳಿಯಲ್ಲಿ ಒಬ್ಬರನ್ನು ಹೆಚ್ಚಿಗೆ ಹಾಕದ ಮೇಲ್ವಿಚಾರಕ ಆಮೇಲೆ ಪರಿತಪಿಸುತ್ತಾನೆ.

ಬಿಕ್ಕಟ್ಟಿನ ನಿಜವಾದ ಕೆಲಸ ಬಿಕ್ಕಟ್ಟಿಲ್ಲದ ದಿನ ನಡೆಯುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಸಮಾಧಾನದ ಒಂದು ಮಧ್ಯಾಹ್ನ ನಿವಾಸಿಯ ಜೊತೆ ಕುಳಿತು, ಅವರ ಮಾತಿನಲ್ಲೇ ಸುರಕ್ಷಾ ಯೋಜನೆ ಬರೆಯಿರಿ. ಒಬ್ಬರು ನನಗೆ ಹೇಳಿ ಬರೆಸಿದ್ದು ಹೀಗೆ: "ನಾನು ಒಳಗೂ ಚಳಿಗಾಲದ ಕೋಟು ಹಾಕಿಕೊಂಡಿದ್ದರೆ ಪ್ರಶ್ನೆ ಕೇಳಬೇಡಿ. ಕಾಫಿ ಕೊಡಿ. ತಂಗಿಗೆ ಫೋನ್ ಮಾಡಬಹುದು, ಅಣ್ಣನಿಗೆ ಕೂಡದು." ಈ ಕೊನೆಯ ಸಾಲು ನಮ್ಮವರಿಗೆ ಕಷ್ಟ. ಅಣ್ಣನಿಗೆ ಹೇಳದೆ ಹೇಗೆ? ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. 2004ರ ಆರೋಗ್ಯ ಮಾಹಿತಿ ಕಾಯ್ದೆಯಲ್ಲಿ ಯಾರಿಗಾದರೂ ಗಂಭೀರ ದೈಹಿಕ ಹಾನಿಯಾಗುವ ದೊಡ್ಡ ಅಪಾಯವನ್ನು ತಪ್ಪಿಸಲು ಮಾಹಿತಿ ಕೊಡಬಹುದು ಎಂಬ ಕಿಂಡಿ ಇದೆ, ಅಷ್ಟೆ. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಹೆಸರು ಬಿಟ್ಟು ಕಥೆ ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ. ಹೇಳಲೇಬೇಡಿ.

ಘಟನೆಯ ವರದಿ ಬರೆಯುವಾಗ "ಕುಡಿದು ಗಲಾಟೆ ಮಾಡಿದ" ಎಂದು ಬರೆದದ್ದನ್ನು ನಾನು ಮರಳಿಸುತ್ತೇನೆ. "ಮಾತು ತೊದಲುತ್ತಿತ್ತು, ಗೋಡೆ ಹಿಡಿದು ನಡೆದರು, 11:40ಕ್ಕೆ ಕುರ್ಚಿಯನ್ನು ಒದ್ದರು, ಯಾರಿಗೂ ತಾಗಲಿಲ್ಲ" ಎಂದು ಬೇಕು. ನಾಳೆ ಮನೆ ಬಿಡಿಸುವ ನೋಟಿಸಿನ ಪ್ರಶ್ನೆ ಬಂದರೆ ಬಾಡಿಗೆ ತಕರಾರು ತೀರ್ಮಾನಿಸುವ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಬೋರ್ಡ್ ನೋಡುವುದು ಈ ಸಾಲುಗಳನ್ನೇ. ಬೋರ್ಡಿನ ಆದೇಶವಿಲ್ಲದೆ ಯಾರನ್ನೂ ಹೊರಹಾಕುವಂತಿಲ್ಲ, ಆದೇಶವಿದ್ದರೂ ಬೀಗ ಬದಲಿಸಿ ಹೊರಗೆ ಕಳಿಸುವ ಕೆಲಸ ನ್ಯಾಯಾಲಯದ ಅಧಿಕಾರಿಯಾದ ಶೆರಿಫ್‌ನದು. ವರದಿ ಆದ ಮೇಲೆ ಪಾಳಿಯವರನ್ನು ಕೂರಿಸಿ ಮಾತನಾಡಿಸಿ, ಮನೆಗೆ ಹೋಗುವ ಮೊದಲು. ಜೀವಕ್ಕೆ ಅಪಾಯವಿದೆ ಎನ್ನಿಸಿದ ಕೆಲಸವನ್ನು ನಿರಾಕರಿಸುವ ಹಕ್ಕು ಕೆಲವು ಮಿತಿಗಳೊಳಗೆ ಅವರಿಗೆ ಕಾನೂನಿನಲ್ಲಿದೆ, ನಿಮಗೂ ಇದೆ. ನಮ್ಮ ಕಡೆಯ ಹುಡುಗರು ಅದನ್ನು ಹೇಡಿತನವೆಂದುಕೊಂಡು ಒಬ್ಬರೇ ಮೆಟ್ಟಿಲು ಹತ್ತುತ್ತಾರೆ.

ಇಷ್ಟು ಕೇಳಿದ ಮೇಲೆ ಹುಡುಗ ಸುಮ್ಮನೆ ಕುಳಿತಿದ್ದ. ಅವನ ಅಮ್ಮ, "ಹಾಗಾದರೆ ಊಟ ಆಯಿತಾ ಎಂದೂ ಕೇಳಬಾರದಾ?" ಎಂದರು. ಅದನ್ನು ಧಾರಾಳವಾಗಿ ಕೇಳಬಹುದು ಎಂದೆ, ಬಾಗಿಲ ಹೊರಗೆ ನಿಂತು. ನನ್ನ ಪಾಳಿಯಲ್ಲಿ ಅರ್ಧ ಬಾಗಿಲುಗಳು ತೆರೆದದ್ದು ಆ ಪ್ರಶ್ನೆಗೇ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅವನು, "ಮಾಸ್ಟರ್ ಕೀ ನನಗೂ ಕೊಡುತ್ತಾರಾ ಅಕ್ಕ?" ಎಂದು ಕೇಳಿದ. ಕೊಡುತ್ತಾರೆ. ತೆಗೆದುಕೊಳ್ಳುವಾಗ ಒಂದು ಸಹಿ, ಹಿಂದಿರುಗಿಸುವಾಗ ಒಂದು ಸಹಿ, ನಡುವೆ ಯಾವ ಬಾಗಿಲಿಗೆ, ಏಕೆ ಎಂದು ಬರೆಯಲು ಒಂದು ಕಾಲಂ.