ಕರೆಂಟು ಮರಳುವ ದಾರಿ: ಸಸಿಮಡಿಯ ಬೋರ್ಡ್ ಕಲಿಸಿದ್ದು

ಬ್ಯಾಡಗಿಯ ಸಮೀಪ ನಮ್ಮ ಅಣ್ಣ ಹಾಕಿದ್ದ ಮೆಣಸಿನಕಾಯಿ ಸಸಿಮಡಿಗೆ, ಮಣ್ಣಿನ ತೇವ ನೋಡಿ ತಾನೇ ನೀರು ಬಿಡುವ ಒಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡನ್ನು ನಾನು ಹುಬ್ಬಳ್ಳಿಯ ಮನೆಯಲ್ಲಿ ಕುಳಿತು ಕಿಕ್ಯಾಡ್ ಎಂಬ ತಂತ್ರಾಂಶದಲ್ಲಿ ವಿನ್ಯಾಸ ಮಾಡಿದೆ. ಎಟ್‌ಮೆಗಾ328ಪಿ ಚಿಪ್, ಅದಕ್ಕೆ ತಾಳ ಕೊಡುವ 16 ಮೆಗಾಹರ್ಟ್ಸ್ ಕ್ರಿಸ್ಟಲ್, ತೇವದ ಸೆನ್ಸರ್, 12 ವೋಲ್ಟಿನ ಪಂಪಿಗೆ ಒಂದು ರಿಲೇ (ಚಿಪ್ ಹೇಳಿದಂತೆ ಪಂಪನ್ನು ಹಚ್ಚಿ ಆರಿಸುವ ಸ್ವಿಚ್), ಅದರಲ್ಲಿದ್ದದ್ದು ಇಷ್ಟೇ. ಸಿಗ್ನಲ್ ಟ್ರ್ಯಾಕ್‌ಗಳನ್ನು (ಸಿಗ್ನಲ್ ಸಾಗುವ ತಾಮ್ರದ ಗೆರೆಗಳನ್ನು) ಚಿಕ್ಕದಾಗಿ ಇಡಬೇಕೆಂಬುದು ಗೊತ್ತಿದ್ದುದರಿಂದ ಅವುಗಳ ಮೇಲೆ ಎರಡು ಸಂಜೆ ಕಳೆದೆ. ಗ್ರೌಂಡನ್ನು, ಅಂದರೆ ಕರೆಂಟು ಸಪ್ಲೈಗೆ (ವಿದ್ಯುತ್ ಮೂಲಕ್ಕೆ) ಮರಳುವ ದಾರಿಯನ್ನು, ಮಾತ್ರ ಕೊನೆಗೆ ಉಳಿದ ಜಾಗದಲ್ಲಿ ಹೇಗೋ ಸುತ್ತಿಸಿ ಮುಗಿಸಿದೆ.

ಮೇಜಿನ ಮೇಲೆ ಪಂಪಿನ ಬದಲು ಎಲ್‌ಇಡಿ ಹಚ್ಚಿ ನೋಡಿದಾಗ ಎಲ್ಲವೂ ಸರಿಯಿತ್ತು. ಹೊಲದಲ್ಲಿ ಪಂಪು ಶುರುವಾದ ಕೂಡಲೇ ಸೆನ್ಸರಿನ ರೀಡಿಂಗ್ ಸುಮಾರು 30 ಅಂಕಿ ಇಳಿಯಿತು; ಮಣ್ಣು ನೆನೆದಿದೆಯೆಂದು ತಿಳಿದ ಚಿಪ್ ಪಂಪನ್ನು ನಿಲ್ಲಿಸಿತು, ನಿಂತೊಡನೆ ರೀಡಿಂಗ್ ಮತ್ತೆ ಏರಿತು, ರಿಲೇ ಕಟಕಟ ಬಡಿದುಕೊಳ್ಳತೊಡಗಿತು. ಸೆನ್ಸರ್ ಬದಲಿಸಿದೆ, ಪ್ರೋಗ್ರಾಮಿನಲ್ಲಿ ಸರಾಸರಿ ತೆಗೆದೆ, ಪ್ರಯೋಜನವಾಗಲಿಲ್ಲ.

ಕಾರಣ ಸಿಕ್ಕಿದ್ದು ಕಾಗದದ ಮೇಲೆ ಲೆಕ್ಕ ಹಾಕಿದಾಗ. ಬೋರ್ಡಿನ ಬಲತುದಿಯ ಪಂಪ್ ಟರ್ಮಿನಲ್‌ನಿಂದ ಹೊರಟ ಕರೆಂಟು, ಚಿಪ್ಪಿನ ಗ್ರೌಂಡ್ ಪಿನ್ನನ್ನು ಹಾದು, ಸೆನ್ಸರ್ ಮತ್ತು ಸಪ್ಲೈ ಇದ್ದ ಎಡತುದಿಗೆ ಮರಳುತ್ತಿತ್ತು. ಚಿಪ್ಪಿನಿಂದ ಎಡತುದಿಗೆ ಆ ಟ್ರ್ಯಾಕಿನ ಉದ್ದ 90 ಮಿ.ಮೀ., ಅಗಲ 0.3 ಮಿ.ಮೀ. ತಾಮ್ರದ ದಪ್ಪ 35 ಮೈಕ್ರಾನ್ ಆದ್ದರಿಂದ ಅದರ ರೋಧ ಸುಮಾರು 0.15 ಓಮ್. ಪಂಪಿನ 1 ಆಂಪಿಯರ್ ಅದರಲ್ಲಿ ಹರಿದಾಗ ಚಿಪ್ಪಿನ ಗ್ರೌಂಡ್ ಸೆನ್ಸರಿನ ಗ್ರೌಂಡಿಗಿಂತ 0.15 ವೋಲ್ಟ್ ಮೇಲೇಳುತ್ತದೆ. ಚಿಪ್ ತನ್ನ ಗ್ರೌಂಡಿನಿಂದಲೇ ಅಳೆಯುವುದರಿಂದ ಸೆನ್ಸರಿನ ವೋಲ್ಟೇಜ್ ಅದಕ್ಕೆ ಅಷ್ಟು ಕಡಿಮೆ ಕಾಣುತ್ತದೆ. 5 ವೋಲ್ಟನ್ನು 1024 ಭಾಗ ಮಾಡಿ ಓದುವ ಚಿಪ್ಪಿಗೆ ಒಂದು ಅಂಕಿಯೆಂದರೆ ಸುಮಾರು 4.9 ಮಿಲಿವೋಲ್ಟ್, ಹಾಗಾಗಿ 30 ಅಂಕಿ. ಲೆಕ್ಕವೂ ಹೊಲದ ರೀಡಿಂಗೂ ಹೀಗೆ ಹೊಂದಿದ್ದು ಕಂಡಾಗ ನನಗಾದ ಸಂತೋಷ ದೊಡ್ಡದು.

ಎರಡನೆಯ ಬೋರ್ಡಿನಲ್ಲಿ ಒಂದೂ ಟ್ರ್ಯಾಕ್ ಎಳೆಯುವ ಮೊದಲು ಬಿಡಿಭಾಗಗಳ ಜಾಗ ಗೊತ್ತುಮಾಡಿದೆ. ಸಪ್ಲೈ, ರಿಲೇ, ಪಂಪ್ ಟರ್ಮಿನಲ್ ಒಂದು ಬದಿಗೆ ಹೋದವು, ಚಿಪ್ ಮತ್ತು ಸೆನ್ಸರ್ ಇನ್ನೊಂದು ಬದಿಗೆ. ಪಂಪಿನ ಕರೆಂಟು ಈಗ ಚಿಪ್ಪಿನತ್ತ ಸುಳಿಯದೆ ನೇರವಾಗಿ ಸಪ್ಲೈಗೆ ಮರಳುತ್ತದೆ. ಬೋರ್ಡಿನ ಎರಡು ತಾಮ್ರದ ಪದರಗಳಲ್ಲಿ ಕೆಳಪದರವನ್ನು ಪೂರ್ತಿ ಗ್ರೌಂಡಿಗೆ ಬಿಟ್ಟೆ. ವೇಗವಾಗಿ ಬದಲಾಗುವ ಸಿಗ್ನಲ್ಲಿನ ಮರಳು ಕರೆಂಟು ಆ ಟ್ರ್ಯಾಕಿನ ನೇರ ಕೆಳಗೇ ಹರಿಯಬಯಸುತ್ತದೆ. ಅಲ್ಲಿ ತಾಮ್ರ ಕತ್ತರಿಸಿದ್ದರೆ ಅದು ಬಳಸಿ ಹೋಗಿ, ಆ ಸುತ್ತು ಆಂಟೆನಾದಂತೆ ನಾಯ್ಸ್ (ಬೇಡದ ಸಿಗ್ನಲ್) ಹಿಡಿಯುತ್ತದೆ, ಹೊರಗೂ ಬಿಡುತ್ತದೆ. ಸೌಕರ್ಯಕ್ಕೆಂದು ಕೆಳಪದರದಲ್ಲಿ ಎಳೆದಿದ್ದ ಒಂದು ಅಡ್ಡ ಟ್ರ್ಯಾಕನ್ನು ಇದಕ್ಕಾಗಿಯೇ ತೆಗೆದು ಮೇಲೆ ತಂದೆ, ಅದರಿಂದ ಅರ್ಧ ಬೋರ್ಡನ್ನೇ ಮತ್ತೆ ಹಾಕಬೇಕಾಯಿತು. ಕ್ರಿಸ್ಟಲನ್ನೂ ಅದರ ಎರಡು 22 ಪಿಕೋಫ್ಯಾರಡ್ ಕೆಪಾಸಿಟರ್‌ಗಳನ್ನೂ ಪಿನ್ನುಗಳಿಗೆ ಒತ್ತಿ ಕೂರಿಸಿದೆ. ಚಿಪ್ಪಿಗೆ ದಿಢೀರನೆ ಬೇಕಾಗುವ ಕರೆಂಟನ್ನು ಕೊಡುವ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಅದರ ಸಪ್ಲೈ ಪಿನ್ನಿನ ಪಕ್ಕದಲ್ಲೇ ಇರಬೇಕು, ಏಕೆಂದರೆ ಟ್ರ್ಯಾಕಿನ ಪ್ರತಿ ಮಿಲಿಮೀಟರಿಗೆ ಹೆಚ್ಚುಕಡಿಮೆ 1 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ಹಠಾತ್ ಬದಲಾವಣೆಗೆ ಒಡ್ಡುವ ತಡೆ) ಸೇರುತ್ತದೆ.

ಈಗ ಪಂಪು ನಡೆಯುವಾಗಲೂ ರೀಡಿಂಗ್ ಒಂದೆರಡು ಅಂಕಿಗಿಂತ ಹೆಚ್ಚು ಕದಲುವುದಿಲ್ಲ.